ಚೀಟಿ ಇಲ್ಲದ ಮೀನು

ಫೆಬ್ರವರಿ 9

ಬಾಮೈದ ದೊರೆಗಳಿಗೆ,

ನಿನ್ನ ಭಾವ ಬರೆಯುವುದು. ಬದುಕಿದ್ದೇನೆ. ಮಂಡಿ ನೋವು ಹಾಗೇ ಇದೆ, ಸಿಟ್ಟೂ ಹಾಗೇ ಇದೆ. ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳಬೇಡ. ಫೋನಿನಲ್ಲಿ ನಾನು ಸ್ವಲ್ಪ ದನಿ ಏರಿಸಿದರೆ ಸಾಕು, "ಭಾವ, ಅಂಗಡೀಲಿ ಗಿರಾಕಿ ಬಂದ್ರು" ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೇವರೆಗೂ ಓದಲೇಬೇಕು. ಐದನೇ ಕ್ಲಾಸಿಗೆ ಪಾಟಿ ಬಿಸಾಕಿದವನ ಬರವಣಿಗೆ. ತಪ್ಪಿದ್ದ ಕಡೆ ನೀನೇ ಸರಿಮಾಡಿಕೊಂಡು ಓದು.

ವಿಷಯ ಇಷ್ಟೇ. ನಮ್ಮ ಕಲ್ಲು ಸಂಘದ ಪ್ರದರ್ಶನ ಏಪ್ರಿಲ್ ಕೊನೆಯ ಭಾನುವಾರ. ಅದೇ ಟಯರ್ ಅಂಗಡಿ ಮೇಲಿನ ಸಂಘದ ಹಾಲ್‌ನಲ್ಲಿ. ನಿನ್ನ ಅಕ್ಕ ತೀರಿಕೊಂಡ ಮೇಲೆ ನೀನು ಒಂದು ಸಲವೂ ಈ ಕಡೆ ತಲೆ ಹಾಕಿಲ್ಲ. ಈ ಸಲ ನೆಪ ಹೇಳಿದರೆ ನಾನೇ ಬಂದು ಕಿವಿ ಹಿಡಿದು ಎಳೆದುಕೊಂಡು ಬರುತ್ತೇನೆ.

ಸಂಘದ ಪದ್ಧತಿ ನಿನಗೆ ಗೊತ್ತು. ಯಾರು ಎಷ್ಟೇ ಕಲ್ಲು ಕೂಡಿಹಾಕಿರಲಿ, ಅವರ ಕೈಗೆ ಸಿಕ್ಕ ಮೊದಲ ಕಲ್ಲು ಮೇಜಿನ ಮುಂದಿನ ಸಾಲಿನಲ್ಲಿ ಇರಬೇಕು. ಪಕ್ಕದಲ್ಲಿ ಚೀಟಿ ಇರಬೇಕು: ಏನು, ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು. ಚೀಟಿ ಇಲ್ಲದ ಕಲ್ಲನ್ನು ನಮ್ಮ ಅಧ್ಯಕ್ಷ ಮೆಡಿಕಲ್ ಶಾಪಿನವನು ಮೇಜಿಗೆ ಹತ್ತಿಸುವುದೇ ಇಲ್ಲ. "ಲೇಬಲ್ ಕಿತ್ತುಹೋದ ಔಷಧಿ ಬಾಟ್ಲಿ ಕುಡೀತೀರಾ ಸ್ವಾಮಿ?" ಅಂತಾನೆ.

ನನ್ನದು ಕಲ್ಲಾಗಿಹೋದ ಮೀನು. ಈ ವರ್ಷ ಹೊಸಬರು ತುಂಬ ಸೇರಿದ್ದಾರೆ, ಯಾರಿಗೂ ಕಥೆ ಗೊತ್ತಿಲ್ಲ. ಕಣ್ಣು ಮಂಜು ಅಂತ ಡಿಪೋದವರು ನನ್ನ ಕೈಯಿಂದ ಬಸ್ಸು ಕಿತ್ತುಕೊಂಡದ್ದು, ನಾನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟದ್ದು, ನೀನು ಬಂದು ಸಂಘದವರ ಜೊತೆ ಆ ಹಳೇ ಸುಣ್ಣಕಲ್ಲಿನ ಕ್ವಾರಿಗೆ ಹೊರಡಿಸಿದ್ದು, ಎಲ್ಲ ಹೇಳಬೇಕು. ನಿನ್ನ ಅಕ್ಕ ಚಪ್ಪಲಿ ಹಾಳಾಗುತ್ತೆ ಅಂತ ದಾರಿಯುದ್ದಕ್ಕೂ ಗೊಣಗಿದಳಲ್ಲ, ಅದೂ. ಮಧ್ಯಾಹ್ನದವರೆಗೆ ಸುತ್ತಿಗೆ ಬೀಸಿ ಬೀಸಿ ನಾನು ಬೈಯತೊಡಗಿದಾಗ ಅವಳು ಬೆರಳು ತೋರಿಸಿದಳು. "ಅಲ್ನೋಡ್ರೀ, ಆ ದುಂಡುಕಲ್ಲು. ನಿಮ್ಮ ತಲೆ ಥರಾನೇ ಇದೆ. ಅದನ್ನಾದ್ರೂ ಒಡೀರಿ, ಮನೆಗೆ ಹೋಗೋಣ." ಒಂದೇ ಏಟು. ಪುಸ್ತಕ ತೆರೆದ ಹಾಗೆ ಎರಡು ಹೋಳು. ಒಳಗೆ ಮೀನು! ಒಂದೊಂದು ಮುಳ್ಳೂ ಎಣಿಸಬಹುದು. ಕಲ್ಲಿಗೂ ಆಲೂಗಡ್ಡೆಗೂ ವ್ಯತ್ಯಾಸ ತಿಳಿಯದವಳು ಕೈ ತೋರಿಸಿದ ಕಡೆ ಮೀನು ಅಂತ ನಾನು ಹೇಳಬೇಕು, ನೀನು ಪಕ್ಕದಲ್ಲಿ ನಿಂತು "ಹೌದು, ನಾನೂ ಇದ್ದೆ" ಅನ್ನಬೇಕು. ಪ್ರತಿ ವರ್ಷ ಅನ್ನುತ್ತಿದ್ದ ಹಾಗೆ. ನೀನಿಲ್ಲದಿದ್ದರೆ ಕಥೆಗೆ ಉಪ್ಪಿರುವುದಿಲ್ಲ.

ನಮ್ಮಲ್ಲಿ ಒಬ್ಬಳಿದ್ದಾಳೆ, ಮನೆಗಳಿಗೆ ವೈರಿಂಗ್ ಮಾಡುವವಳು. ಎಲ್ಲರೂ ಕರೆಂಟಕ್ಕ ಅಂತಾರೆ. ನನ್ನ ಮೀನು ನೋಡಿದಾಗಿನಿಂದ ಅವಳಿಗೆ ಹುಚ್ಚು ಹಿಡಿದಿದೆ. ಮೂರು ಬೇಸಿಗೆ ರಜಾ ದಿನವೆಲ್ಲ ಆ ಕ್ವಾರಿಯಲ್ಲೇ ಕಳೆದಿದ್ದಾಳೆ, ಒಂದು ಬಾಲವೂ ಸಿಕ್ಕಿಲ್ಲ. "ಅಲ್ಲೇ ಇದೆ, ಅಗೆ" ಅಂತ ನಾನು ಹುರಿದುಂಬಿಸುತ್ತಿರುತ್ತೇನೆ. ಈ ಸಲ ಅವಳು ಒಂದು ಕಪ್ಪು ಪೆಟ್ಟಿಗೆ ಮಾಡಿ ಒಳಗೆ ನೇರಳೆ ದೀಪ ಕೂರಿಸುತ್ತಿದ್ದಾಳೆ. ಆ ಬೆಳಕಿನಲ್ಲಿ ಕೆಲವು ಕಲ್ಲು ಕೆಂಡದ ಹಾಗೆ, ಕೆಲವು ಹಸಿರಾಗಿ ಹೊಳೆಯುತ್ತವೆ. ನನ್ನ ಮೀನನ್ನೂ ಅದರೊಳಗೆ ಇಟ್ಟು ನೋಡಬೇಕು.

ನೀನು ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಚೆನ್ನಾಗಿದೆ. ಹೋದ ವರ್ಷ ಬಿರುಕು ಬಿಟ್ಟಾಗ ಅಂಚೆಯಲ್ಲಿ ತರಿಸಿಕೊಂಡು ನೀನು ಅಂಟಿಸಿದ ಜಾಗ ಅಲ್ಲಾಡಿಲ್ಲ. ಕಡಲೇಬೀಜ ಅಗಿಯುತ್ತೇನೆ, ಆಚೆ ಮನೆಯವನ ತಲೆಯನ್ನೂ ಅಗಿಯುತ್ತೇನೆ.

ಬಾ.

ನಿನ್ನ ಭಾವ

—

ಫೆಬ್ರವರಿ 25

ಭಾವನವರಿಗೆ ನಮಸ್ಕಾರ.

ನಿಮ್ಮ ಬೈಗುಳ ತಲುಪಿತು, ಸಂತೋಷವಾಯಿತು. ಬರಬೇಕೆಂಬ ಆಸೆ ನನಗೂ ಇದೆ ಭಾವ. ಆದರೆ ಏಪ್ರಿಲ್‌ನಲ್ಲಿ ಅಂಗಡಿಗೆ ಹಲ್ಲಿನ ಅಚ್ಚು ಕಾಯಿಸುವ ಹೊಸ ಒಲೆ ಬರುತ್ತದೆ, ಅದನ್ನು ಕೂರಿಸುವವರು ಯಾವ ದಿನ ಬರುತ್ತಾರೋ ಹೇಳುವ ಹಾಗಿಲ್ಲ. ಇಡೀ ಊರಿನ ಬಾಯಿ ನನ್ನನ್ನೇ ನಂಬಿ ತೆರೆದುಕೊಂಡು ಕೂತಿದೆ. ಕಥೆ ನೀವೊಬ್ಬರೇ ಹೇಳಿದರೂ ನಾಲ್ಕು ಜನ ಹೇಳಿದ ಹಾಗೆ ಕೇಳಿಸುತ್ತದೆ, ನನ್ನ ಅಗತ್ಯವೇನು?

ಒಂದು ಮಾತು. ಮೀನನ್ನು ಆ ನೇರಳೆ ದೀಪದ ಕೆಳಗೆ ಮಾತ್ರ ಇಡಬೇಡಿ. ಅದರ ಶಾಖಕ್ಕೆ ಹಳೇ ಕಲ್ಲು ಬಿರುಕು ಬಿಡುತ್ತದಂತೆ. ನಮ್ಮ ಕೆಲಸದಲ್ಲೂ ಅಂಥ ದೀಪ ಇದೆ, ಅನುಭವದ ಮೇಲೆ ಹೇಳುತ್ತಿದ್ದೇನೆ. ಅಕ್ಕನ ನೆನಪಿನ ವಸ್ತು, ಹಾಳಾಗುವುದು ಬೇಡ.

ಮಂಡಿಗೆ ಬಿಸಿನೀರು ಹಾಕಿಕೊಳ್ಳಿ.

ನಿಮ್ಮ ಬಾಮೈದ

—

ಮಾರ್ಚ್ 12

ಹಲ್ಲು ಕಟ್ಟುವವನಿಗೆ,

ಈ ಕಾಗದದ ಜೊತೆ ಒಂದು ಡಬ್ಬಿ ಇದೆ. ಅದರಲ್ಲಿ ನೀನು ಕಟ್ಟಿದ ಸೆಟ್ಟು, ಮೇಲಿನದೂ ಕೆಳಗಿನದೂ. ತೊಳೆದಿದ್ದೇನೆ. ನಿನ್ನ ವಸ್ತು ನಿನಗೆ.

ನನಗೆ ಏನನ್ನಾದರೂ ಬೇಡ ಅಂದರೆ ಏನಾಗುತ್ತದೆ ಅಂತ ನಿನಗೆ ಗೊತ್ತಿರಲಿಲ್ಲವಾ? ಇಷ್ಟು ವರ್ಷ ನನ್ನ ಜೊತೆ ಉಂಡೆದ್ದವನಿಗೆ? ನೀನು ಸುಮ್ಮನಿದ್ದಿದ್ದರೆ ನಾನು ಮರೆತೇಬಿಡುತ್ತಿದ್ದೆನೋ ಏನೋ.

ಭಾನುವಾರ ಸಂಘದ ಹಾಲ್‌ಗೆ ಹೋದೆ. ಕರೆಂಟಕ್ಕ ಒಬ್ಬಳೇ ಇದ್ದಳು, ಪೆಟ್ಟಿಗೆಗೆ ಕಪ್ಪು ಬಟ್ಟೆ ಹೊಡೆಯುತ್ತಿದ್ದಳು. ಈ ದೀಪ ಬಿಸಿಯಾಗುತ್ತದಾ ಅಂತ ಕೇಳಿದೆ. ನಕ್ಕಳು. "ಯಾರಜ್ಜ ಹೇಳಿದ್ದು? ಕೈ ಇಟ್ನೋಡಿ, ಬೆಣ್ಣೆ ಇಟ್ರೂ ಕರಗಲ್ಲ." ಕೈ ಇಟ್ಟೆ. ತಣ್ಣಗಿತ್ತು.

ಮೊದಲು ಅವಳ ಒಂದಿಷ್ಟು ಕಲ್ಲು ಇಟ್ಟು ತೋರಿಸಿದಳು. ಬೀದಿಯಲ್ಲಿ ಬಿದ್ದಿದ್ದರೆ ಒದ್ದುಕೊಂಡು ಹೋಗುವಂಥ ಕಲ್ಲು, ಕಿತ್ತಳೆ ಬಣ್ಣಕ್ಕೆ ಉರಿಯಿತು. ಆಮೇಲೆ ನನ್ನ ಮೀನು. ಎರಡೂ ಹೋಳು ಪಕ್ಕಪಕ್ಕ ಇಟ್ಟೆ, ಬಟ್ಟೆ ಇಳಿಬಿಟ್ಟೆವು. ಮೀನು ಹೊಳೆಯಲಿಲ್ಲ. ಕಲ್ಲಿನ ಅಂಚಿನ ಸುತ್ತ ಒಂದು ನೀಲಿ ಗೆರೆ ಹೊಳೆಯಿತು. ದರ್ಜಿ ಸೀಮೆಸುಣ್ಣದಲ್ಲಿ ಗುರುತು ಹಾಕಿದಷ್ಟು ಸಣ್ಣ ಗೆರೆ, ಎರಡು ಹೋಳಿಗೂ.

ಅವಳು ಟಪ್ಪನೆ ದೀಪ ಆರಿಸಿದಳು.

"ಟೀ ಕುಡಿಯೋಣ್ವಾ ಅಜ್ಜ?"

"ಏನದು ಗೆರೆ?"

"ಏನಿಲ್ಲ ಬಿಡಿ."

"ಏನಿಲ್ಲ ಬಿಡಿ ಅಂತ ಬೇರೆಯವರಿಗೆ ಹೇಳು. ದೀಪ ಹಾಕು."

"ಅಂಟು ಅಜ್ಜ. ಯಾವಾಗ್ಲೋ ಯಾರೋ ಅಂಟಿಸಿರ್ತಾರೆ. ಒಡೆದುಹೋಗಿರುತ್ತೆ, ಅಂಟಿಸಿರ್ತಾರೆ."

ಒಡೆದವನು ನಾನು. ಒಡೆದಾಗಿನಿಂದ ಅದು ಎರಡು ಹೋಳಾಗಿಯೇ ಇದೆ. ಅದನ್ನು ಯಾರೂ ಅಂಟಿಸಿಲ್ಲ. ಹಾಗಾದರೆ ಅಂಟಿದ್ದು ಒಡೆಯುವುದಕ್ಕೆ ಮೊದಲು. ನನ್ನ ತಲೆಗೆ ಅಷ್ಟು ಲೆಕ್ಕ ಬರುತ್ತದೆ.

ಅಂಟಿಸಿ, ಮೇಲೆ ಕ್ವಾರಿಯ ಸುಣ್ಣದ ಪುಡಿ ಉಜ್ಜಿ, ಗೆರೆ ಕಾಣದ ಹಾಗೆ ಮಾಡುವ ಕೈ ಯಾವುದು ಅಂತ ಯೋಚನೆ ಮಾಡುತ್ತಾ ನಿಂತೆ. ಆಮೇಲೆ ಬಾಯಿಂದ ನಿನ್ನ ಸೆಟ್ಟು ತೆಗೆದು ಮೀನಿನ ಪಕ್ಕ ಇಟ್ಟೆ. ಅವಳು "ಅಯ್ಯೋ ಅಜ್ಜ, ಏನ್ಮಾಡ್ತಿದೀರ" ಅಂದಳು. ಹೋದ ವರ್ಷ ನೀನು ಅಂಟಿಸಿದ ಬಿರುಕು ಅದೇ ನೀಲಿಗೆ ಹೊಳೆಯಿತು. ಅದೇ ಸಣ್ಣ ಗೆರೆ. ನಿನ್ನ ಕೆಲಸ ನೀಟು, ಮೊದಲಿನಿಂದಲೂ.

ಅವಳು ಯಾರಿಗೂ ಹೇಳುವುದಿಲ್ಲವಂತೆ. ಮೂರು ಬೇಸಿಗೆ ನನ್ನ ಮಾತು ನಂಬಿ ಮಂಡಿಯೂರಿ ಅಗೆದವಳು ನನಗೆ ಕನಿಕರ ತೋರಿಸುತ್ತಾಳೆ. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಸುಮ್ಮನಿರುತ್ತಿದ್ದೆ.

ನನ್ನ ಬಾಯಲ್ಲಿದ್ದದ್ದು ಸುಳ್ಳು ಹಲ್ಲು ಅಂತ ನನಗೆ ಗೊತ್ತಿತ್ತು, ನೀನು ಹೇಳಿಯೇ ಹಾಕಿದ್ದೆ. ಕೈಯಲ್ಲಿ ಇಟ್ಟದ್ದನ್ನು ಯಾಕೆ ಹೇಳಲಿಲ್ಲ? ವರ್ಷ ವರ್ಷ ನನ್ನ ಪಕ್ಕ ನಿಂತು, ಅಷ್ಟು ಜನರ ಮುಂದೆ, "ಹೌದು, ನಾನೂ ಇದ್ದೆ" ಅಂದೆಯಲ್ಲ. ನಗು ತಡೆದುಕೊಂಡು ನಿಂತಿದ್ದೆಯಾ?

ನಿನ್ನ ಅಕ್ಕನ ಗಂಡ

—

ಮಾರ್ಚ್ 21

ಭಾವ,

ಡಬ್ಬಿ ಬಂತು. ತೆರೆದು ನೋಡಿ ಅಂಗಡಿಯ ಬಾಗಿಲು ಹಾಕಿಕೊಂಡು ಕೂತೆ. ಸುಳ್ಳು ಹೇಳುವುದಿಲ್ಲ. ನಾನೇ ಮಾಡಿದ್ದು.

ನೀವು ಆಗ ಹೇಗಿದ್ದಿರಿ ಅಂತ ನಿಮಗೆ ತಿಳಿಯದು, ನೀವು ಗೋಡೆ ನೋಡುತ್ತಿದ್ದಿರಿ. ನಾವು ನಿಮ್ಮ ಬೆನ್ನು ನೋಡುತ್ತಿದ್ದೆವು. ಊಟಕ್ಕೆ ಏಳಿ ಅಂದರೆ ಬೈಗುಳ. ಆಮೇಲಾಮೇಲೆ ಅದೂ ನಿಂತುಹೋಯಿತು. ನೀವು ಬೈಯುವುದು ನಿಂತಾಗ ನನಗೆ ನಿಜವಾಗಿ ಭಯವಾಯಿತು. ನನ್ನ ಬಳಿ ಹಲ್ಲು ಕಟ್ಟಿಸಿಕೊಳ್ಳಲು ಬಂದ ಒಬ್ಬರು ಈ ಸಂಘದ ವಿಷಯ ಹೇಳಿದರು. ಒಂದು ಮೀನಿನ ಕಲ್ಲು ಎಲ್ಲಿಂದಲೋ ಸಿಕ್ಕಿತು. ಅಂಟಿಸಿದೆ, ಹಿಂದಿನ ದಿನ ಹೋಗಿ ಕ್ವಾರಿಯಲ್ಲಿ ಇಟ್ಟು ಬಂದೆ. ಇಷ್ಟೇ. ನೀವು ಎದ್ದು ಕೂತರೆ ಸಾಕು ಅಂತ ಇದ್ದೆ. ನೀವು ಎದ್ದು ಓಡಿಬಿಟ್ಟಿರಿ.

ಅಕ್ಕನಿಗೆ ಇದೇನೂ ಗೊತ್ತಿರಲಿಲ್ಲ. ಬೈಯುವುದಾದರೆ ನನ್ನೊಬ್ಬನನ್ನೇ ಬೈಯಿರಿ.

ಒಂದು ಸಲವೂ ನಗಲಿಲ್ಲ ಭಾವ. ನೀವು ಏನು ತಿನ್ನುತ್ತಿದ್ದೀರಿ? ಸೆಟ್ಟನ್ನು ವಾಪಸ್ ಕಳಿಸುತ್ತಿದ್ದೇನೆ. ಸಿಟ್ಟು ನನ್ನ ಮೇಲಿರಲಿ, ಹೊಟ್ಟೆಯ ಮೇಲೆ ಬೇಡ.

ನಿಮ್ಮ ಬಾಮೈದ

—

ಮಾರ್ಚ್ 30

ಸುಳ್ಳುಗಾರನಿಗೆ,

ನಿನ್ನ ಡಬ್ಬಿಯನ್ನು ತೆರೆಯದೆ ಅಂಚೆಯವನ ಕೈಗೇ ಕೊಟ್ಟು ಕಳಿಸಿದ್ದೇನೆ. ಗಂಜಿ ಕುಡಿಯುತ್ತೇನೆ. ಬ್ರೆಡ್ಡನ್ನು ಹಾಲಿನಲ್ಲಿ ಅದ್ದುತ್ತೇನೆ. ನನ್ನ ಹೊಟ್ಟೆಯ ಯೋಚನೆ ನಿನಗೆ ಬೇಡ.

"ಸುಳ್ಳು ಹೇಳುವುದಿಲ್ಲ" ಅಂತ ಶುರುಮಾಡಿ ಅದೇ ಕಾಗದದಲ್ಲಿ ಇನ್ನೊಂದು ಸುಳ್ಳು ಬರೆದಿದ್ದೀಯ. ಅಕ್ಕನಿಗೆ ಗೊತ್ತಿರಲಿಲ್ಲವಂತೆ. ಗೊತ್ತಿಲ್ಲದವಳು ಆ ಕ್ವಾರಿಯಲ್ಲಿ ಸಾವಿರ ಕಲ್ಲು ಬಿಟ್ಟು ಅದೊಂದಕ್ಕೇ ಬೆರಳು ತೋರಿಸಿದಳಾ? ಆ ಮಾತನ್ನು ನಾನೇ ವರ್ಷ ವರ್ಷ ನಗುತ್ತಾ ಹೇಳಿದ್ದೇನೆ. ಜನ ಚಪ್ಪಾಳೆ ಹೊಡೆದಿದ್ದಾರೆ. ನಿಮ್ಮಿಬ್ಬರ ಗುಟ್ಟನ್ನು ನನ್ನ ಬಾಯಿಂದಲೇ ಡಂಗುರ ಹೊಡೆಸಿದ್ದೀರಿ.

ಈಗ ಒಂದೊಂದೇ ತಲೆಗೆ ಹೊಳೆಯುತ್ತಿದೆ. ಮನೆಯ ಉಳಿದ ಕಲ್ಲುಗಳನ್ನು "ನಿಮ್ಮ ಕಸ" ಅಂತ ಪೊರಕೆಯಲ್ಲಿ ತಳ್ಳುತ್ತಿದ್ದವಳು ಮೀನನ್ನು ಮಾತ್ರ ಬೇರೆ ಯಾರಿಗೂ ಒರೆಸಲು ಬಿಡುತ್ತಿರಲಿಲ್ಲ. ನೀರು ತಾಗಿಸಬೇಡಿ ಅನ್ನುತ್ತಿದ್ದಳು. ಪ್ರೀತಿ ಅಂದುಕೊಂಡಿದ್ದೆ. ಮೇಲಿನ ಪುಡಿ ಉದುರೀತು ಅನ್ನುವ ಕಾವಲು ಅದು.

ನಿನ್ನನ್ನಾದರೆ ಬೈಯಬಹುದು. ಅವಳನ್ನು ಏನು ಮಾಡಲಿ? ಜಗಳ ತೆಗೆಯಲು ಆಳೇ ಇಲ್ಲ. ಹಿಂದೆಲ್ಲ ನಾನು ಒಂದು ಅಂದರೆ ಅವಳು ನಾಲ್ಕು ಅನ್ನುತ್ತಿದ್ದಳು, ಆಗ ಸಿಟ್ಟು ಇಳಿಯುತ್ತಿತ್ತು. ಈಗ ಫೋಟೋದ ಮುಂದೆ ನಿಂತು ಎಷ್ಟು ಕೂಗಿದರೂ ಅದೇ ಮುಖ. ಫೋಟೋವನ್ನು ಗೋಡೆ ಕಡೆ ತಿರುಗಿಸಿದ್ದೇನೆ. ಬೆನ್ನು ನೋಡುವುದು ಹೇಗಿರುತ್ತದೆ ಅಂತ ನನಗೂ ಗೊತ್ತಾಗಲಿ.

ಇನ್ನು ಒಂದೇ ಒಂದು ಪ್ರಶ್ನೆ. ಸುತ್ತಿಬಳಸದೆ ಉತ್ತರ ಕೊಡು. ಮೀನು ನಿಜವಾದದ್ದೇ. ಅಧ್ಯಕ್ಷನ ಕೈಗೆ ಕೊಟ್ಟು, ಗುಟ್ಟು ಹೇಳದೆ ಇನ್ನೊಮ್ಮೆ ನೋಡಿಸಿದೆ. "ಮೀನು ಅಪ್ಪಟ, ಆದ್ರೆ ಆ ಕ್ವಾರಿಗೆ ಹೇಗೆ ಬಂತೋ ದೇವರೇ ಬಲ್ಲ" ಅಂದ. ದೇವರೊಬ್ಬನೇ ಅಲ್ಲ, ನೀನೂ ಬಲ್ಲೆ. ಅದು ಯಾವ ಊರಿನ ಮೀನು? ಎಲ್ಲಿಂದ ತಂದಿರಿ? ಜೊತೆಗೆ ಚೀಟಿ ಇದ್ದಿರಲೇಬೇಕು. ಅದನ್ನು ಕಳಿಸು. ಸರಿಯಾದ ಚೀಟಿ ಇಟ್ಟು, ಜನರ ಮುಂದೆ ನಿಜ ಹೇಳಿ, ಮೀನನ್ನು ಮೇಜಿನ ಮೇಲೆ ಇಡುತ್ತೇನೆ. ನನಗೆ ಮಾಡಿದ್ದು ಹಾಗಿರಲಿ, ಅದಕ್ಕಾದರೂ ಅದರ ಊರು ಸಿಗಲಿ.

ನಿನ್ನ ಅಕ್ಕನ ಗಂಡ

—

ಏಪ್ರಿಲ್ 11

ಭಾವ,

ಮೀನಿನ ಉಪಾಯ ಅಕ್ಕನದೇ. ಅವಳನ್ನು ಕಾಪಾಡಲು ಹೋಗಿ ನಿಮ್ಮ ಕಣ್ಣಲ್ಲಿ ಇನ್ನಷ್ಟು ಇಳಿದೆ.

ಅವಳು ಆಗ ಪರದೆ ಹೊಲಿದುಕೊಡುತ್ತಿದ್ದಳಲ್ಲ. ಒಂದು ಮನೆಯವರು ತೀರಿಹೋದ ಮುದುಕರ ಕೋಣೆ ಖಾಲಿ ಮಾಡುತ್ತಿದ್ದರಂತೆ. ಅವರೂ ಕಲ್ಲು ಕೂಡಿಡುವವರು. ಎಲ್ಲವನ್ನೂ ಹೊರಗೆ ಎಸೆಯಲು ಇಟ್ಟಿದ್ದರು. ಹೊಲಿಗೆಯ ಕೂಲಿ ಬೇಡ, ಇದೊಂದು ಕೊಡಿ ಅಂತ ಕೇಳಿ ತಂದಳು. ಸೆರಗಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದು, "ಇದನ್ನ ಮುಚ್ಚೋಕೆ ಆಗತ್ತೇನೋ? ಅವರೇ ತೆರೀಬೇಕು" ಅಂದಳು.

ಚೀಟಿ ಇತ್ತು. ಮೀನು ಇಟ್ಟಿದ್ದ ಪೆಟ್ಟಿಗೆಯ ತಳದಲ್ಲಿ, ಹಳದಿಯಾದದ್ದು. ಅದು ಸಿಕ್ಕರೆ ನಾವು ಸಿಕ್ಕಿಬೀಳುತ್ತೇವೆ ಅಂತ ನಾನೇ ಒಲೆಗೆ ಹಾಕಿದೆ. ಅಕ್ಕ ಬೇಡ ಅಂದಿದ್ದಳು. ಯಾವುದೋ ಊರಿನ ಹೆಸರಿತ್ತು. ಎಷ್ಟು ತಲೆ ಕೆಡಿಸಿಕೊಂಡರೂ ನೆನಪಾಗುತ್ತಿಲ್ಲ. ಆ ಮನೆಯವರೂ ಈಗ ಅಲ್ಲಿಲ್ಲ, ಹೋಗಿ ವಿಚಾರಿಸಿ ಬಂದೆ.

ಒಂದು ತಿಂಗಳು ಬಿಟ್ಟು ಹೇಳಿಬಿಡೋಣ ಅಂತ ಅವಳು ಹೇಳಿದ್ದಳು. ಅಷ್ಟರಲ್ಲಿ ನೀವು ಸಂಘದಲ್ಲಿ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಬಂದಿದ್ದಿರಿ. ಹೇಗೆ ಹೇಳುವುದು?

ಇನ್ನೊಂದಿದೆ. ಇದನ್ನೂ ಬಚ್ಚಿಟ್ಟರೆ ನಾನು ಮನುಷ್ಯನಲ್ಲ. ಆಸ್ಪತ್ರೆಯಲ್ಲಿ, ಕೊನೆಯಲ್ಲಿ, ನೀವು ಕೆಳಗೆ ಔಷಧಿ ತರಲು ಹೋಗಿದ್ದಾಗ, ಅವಳು ನನ್ನ ಕೈ ಹಿಡಿದು ಮೀನಿನ ವಿಷಯ ಮಾತಾಡಿದಳು. ನಿಮಗೆ ಹೇಳಬೇಕಾದದ್ದನ್ನು ನನ್ನ ಹತ್ತಿರ ಹೇಳಿದಳು. "ನೀನೇ ಹೇಳು, ನನ್ನ ಕೈಲಿ ಆಗ್ತಿಲ್ಲ" ಅಂದಳು. ಹೂಂ ಅಂದೆ. ಹೇಳಲಿಲ್ಲ. ಅದಕ್ಕೇ ಆ ಕಡೆ ಬರುವುದು ಬಿಟ್ಟೆ.

ಬಾಮೈದ

—

ಮೇ 3

ಬಾಮೈದನಿಗೆ,

ಪ್ರದರ್ಶನ ಮುಗಿಯಿತು. ನಿನಗೆ ಬರೆಯಬಾರದು ಅಂತ ಇದ್ದೆ. ಬರೆಯುತ್ತಿದ್ದೇನೆ.

ಮೊದಲು ಚೀಟಿಯ ವಿಷಯ. ನನಗೆ ಮೋಸ ಮಾಡಿದೆ, ಅದು ನಮ್ಮ ಮನೆಯ ವಿಷಯ. ಆದರೆ ಒಬ್ಬ ಮುದುಕ ಎಲ್ಲೋ ಬಿಸಿಲಿನಲ್ಲಿ ಕೂತು ಒಡೆದು, ತೊಳೆದು, ಊರಿನ ಹೆಸರು ಬರೆದು ಇಟ್ಟದ್ದನ್ನು ಒಲೆಗೆ ಹಾಕಿದೆಯಲ್ಲ. ಆ ಮೀನು ಇನ್ನು ಮೇಲೆ ಯಾವ ಊರಿನದೂ ಅಲ್ಲ. ಇದನ್ನು ಸಂಘದ ಹೊರಗಿನವರಿಗೆ ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ. ನಿನಗೆ ಗೊತ್ತಾಗುತ್ತದೆ. ನನ್ನ ಜೊತೆ ಅಷ್ಟು ವರ್ಷ ಕಲ್ಲು ಹೊತ್ತಿದ್ದೀಯ.

ಭಾನುವಾರ ಹಾಲ್ ತುಂಬ ಜನ. ನನ್ನ ಸರದಿ ಬಂದಾಗ ಎದ್ದು ನಿಂತು, ಹಲ್ಲಿಲ್ಲದ ಬಾಯಲ್ಲೇ, ಎಲ್ಲ ಹೇಳಿದೆ. ಗೋಡೆ, ಅಂಟು, ಬೆರಳು, ಒಲೆ. ಅಧ್ಯಕ್ಷ ಎರಡು ಸಲ ಕೆಮ್ಮಿ, "ಹೆಂಡತಿ ಪ್ರೀತಿಯಿಂದ ಮಾಡಿದ್ದಲ್ವಾ, ಬಿಡಿ" ಅಂದ. "ನಿನ್ನ ಹೆಂಡತಿ ನಿನಗೆ ಮಾಡಲಿ, ಆಮೇಲೆ ಬಿಡು ಅನ್ನು" ಅಂದೆ. ಜನ ನಕ್ಕರು. ಕರೆಂಟಕ್ಕ ನಗಲಿಲ್ಲ.

ಅವಳು ಎಲ್ಲರ ಮುಂದೆ ಎದ್ದು ನಿಂತಳು. "ಮೂರು ಬೇಸಿಗೆ ಅಜ್ಜ. ನನ್ನ ಮಕ್ಕಳನ್ನ ಎಲ್ಲಿಗೂ ಕರ್ಕೊಂಡ್ಹೋಗ್ದೆ ಆ ಗುಂಡೀಲಿ ಕೂತೆ. ನೀವು ಅಲ್ಲೇ ಇದೆ ಅಂದ್ರಿ, ಅದಕ್ಕೆ."

"ನನಗೂ ಗೊತ್ತಿರಲಿಲ್ಲ ಕಣಮ್ಮ" ಅಂದೆ.

"ಗೊತ್ತಿರ್ಲಿಲ್ಲ ಸರಿ. ನನ್ನ ಬೇಸಿಗೆ ವಾಪಸ್ ಬರತ್ತಾ?"

ನಾನು ನಿನ್ನ ಮೇಲೆ ಹೊರಿಸಿದ್ದನ್ನೇ ಅವಳು ನನ್ನ ಮೇಲೆ ಹೊರಿಸುತ್ತಿದ್ದಳು, ನಿನ್ನ ಜಾಗದಲ್ಲಿ ನಾನು ನಿಂತಿದ್ದೆ.

ಆಮೇಲೆ ಅವಳೇ ಬಂದು ಮೀನನ್ನು ಎತ್ತಿಕೊಂಡಳು. "ಇದು ಮೇಜಿನ ಮೇಲೆ ಬೇಡ, ನನ್ನ ಪೆಟ್ಟಿಗೇಲಿರ್ಲಿ. ಎಲ್ರೂ ನೋಡ್ಲಿ" ಅಂದಳು. ಬೇಡ ಅನ್ನಲು ನನಗೆ ಯಾವ ಮುಖ? ಸಂಜೆವರೆಗೂ ಜನ ಸಾಲುಗಟ್ಟಿ ಬಟ್ಟೆ ಎತ್ತಿ ಬಗ್ಗಿ ಬಗ್ಗಿ ನಿನ್ನ ನೀಲಿ ಗೆರೆ ನೋಡಿದರು. ಕೆಂಡದಂಥ ಕಲ್ಲಿಗಿಂತ ಅದಕ್ಕೇ ಹೆಚ್ಚು ಜನ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಎದ್ದು ಹೋಗಲಿಲ್ಲ. ಅವಳು ನನ್ನ ಜೊತೆ ಇನ್ನೂ ಮಾತು ಬಿಟ್ಟಿದ್ದಾಳೆ.

ಪೆಟ್ಟಿಗೆಯ ಮೇಲೆ ಹೊಸ ಚೀಟಿ ಅಂಟಿಸಿದ್ದೆ. ಅಧ್ಯಕ್ಷ ಬರೆದುಕೊಡುತ್ತೇನೆ ಅಂದ, ನಾನೇ ಬರೆದೆ. "ಮೀನು. ನಿಜವಾದದ್ದು. ಸಿಕ್ಕಿದ ಜಾಗ: ಗೊತ್ತಿಲ್ಲ. ತಂದವರು: ನನ್ನ ಹೆಂಡತಿ." ನಿನ್ನನ್ನು ಅದರಲ್ಲಿ ಸೇರಿಸಲಿಲ್ಲ. ಒಳಗೆ ಅಂಟಿನ ಗೆರೆ ಇದೆ, ನಿನ್ನ ಸಹಿ ಅದೇ ಸಾಕು.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುತ್ತದೆ ಅಂತ ಕಾಯಬೇಡ. ಮೀನು ಕೊಟ್ಟದ್ದಕ್ಕಲ್ಲ. ಅವಳು ನನಗೆ ಅಂತ ಹೇಳಿದ ಮಾತನ್ನು ಇಷ್ಟು ವರ್ಷ ನಿನ್ನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆಯಲ್ಲ, ಅದಕ್ಕೆ. ಅದು ನನ್ನದು.

ಸೆಟ್ಟನ್ನು ಅಂಚೆಯಲ್ಲಿ ಕಳಿಸಬೇಡ. ಒಸಡು ಕುಗ್ಗಿದೆ, ಈಗ ಅದು ಕೂರುವುದಿಲ್ಲ. ಬುಧವಾರದ ಬಸ್ಸಿಗೆ ನಾನೇ ಬರುತ್ತೇನೆ. ನಿನ್ನ ಮನೆಗಲ್ಲ, ಅಂಗಡಿಗೆ. ಗಿರಾಕಿಗಳ ಸಾಲಿನಲ್ಲಿ ಕೂರುತ್ತೇನೆ, ಭಾವ ಅಂತ ಒಳಗೆ ಕರೆಯಬೇಡ. ಅಳತೆ ತೆಗೆಯುವಾಗ ಬಾಯಿ ತುಂಬ ನಿನ್ನ ಅಚ್ಚಿನ ಹಿಟ್ಟು ಇರುತ್ತದೆ, ಅದು ಗಟ್ಟಿಯಾಗುವವರೆಗೆ ನಾನು ಬೈಯುವ ಹಾಗಿಲ್ಲ. ಅಷ್ಟರೊಳಗೆ ಅವಳು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಹೇಳಿ ಮುಗಿಸು. ಒಂದು ಮಾತು ಬಿಡಬೇಡ. ಒಂದು ಮಾತು ಸೇರಿಸಬೇಡ.

ಫೋಟೋ ಇನ್ನೂ ಗೋಡೆ ಕಡೆಗೇ ಇದೆ. ಕೇಳಿಸಿಕೊಂಡು ಬಂದ ಮೇಲೆ ತಿರುಗಿಸುವುದೋ ಬೇಡವೋ ನೋಡುತ್ತೇನೆ.

ನಿನ್ನ ಅಕ್ಕನ ಗಂಡ